ಮೂರು ಗೆರೆಯ ಬಿಸ್ಕತ್ತು

ಹುಲಿಯಮ್ಮ ಎಂದು ಹೆಸರಿಟ್ಟವರು ಅವಳ ಎದೆಯೊಳಗೆ ಒಮ್ಮೆ ಇಣುಕಿ ನೋಡಿದ್ದರೆ ಬೇರೆ ಹೆಸರು ಹುಡುಕುತ್ತಿದ್ದರೋ ಏನೋ. ಹೆಸರು ಹುಲಿಯ ಮೇಲೆ ಕೂತ ದೇವತೆಯದ್ದು. ಇವಳೋ, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿದರೆ ‘ಯಾರೋ ಹೋಗಿಬಿಟ್ಟರು’ ಎಂದೇ ಮೊದಲು ಅಂದುಕೊಳ್ಳುವವಳು. ಹಾಲು ಉಕ್ಕಿದರೆ ಉಕ್ಕಿತಲ್ಲ ಎಂಬ ಚಿಂತೆ, ಉಕ್ಕದಿದ್ದರೆ ಒಡೆದೀತೆಂಬ ಚಿಂತೆ. ಗಂಡ ಮುನಿಯಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಮೂವತ್ತೆರಡು ವರ್ಷ ಹಳಿ ನೋಡಿಕೊಂಡು ನಡೆದ. ಅಷ್ಟೂ ವರ್ಷ ಅಜ್ಜಂಪುರದ ಮೇಲೆ ಹಾದುಹೋದ ಒಂದೊಂದು ರೈಲು ಕೂಗಿದಾಗಲೂ ಇವಳು ಎದೆ ಹಿಡಿದುಕೊಂಡಳು. ಅವನು ರಿಟೈರ್ ಆಗಿ ಜಗುಲಿಯ ಮೇಲೆ ಕೂತ ಮೇಲಾದರೂ ಸುಮ್ಮನಾಗಬೇಕಲ್ಲ? ಸುಮ್ಮನೆ ಕೂತ ಗಂಡಸರಿಗೆ ಹಾರ್ಟ್ ಅಟ್ಯಾಕ್ ಆಗುತ್ತದಂತೆ ಎಂದು ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದು ಹೊಸ ಚಿಂತೆ ಹಚ್ಚಿಕೊಂಡಳು.

ಹಾಗೆಂದು ಕೆಲಸಕ್ಕೆ ಅಂಜಿದವಳಲ್ಲ. ಹುಟ್ಟಿದ್ದು ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿ ಕಡೆ, ದನ ಮೇಯುವ ಸರ್ಕಾರಿ ಕಾವಲಿನ ಅಂಚಿನಲ್ಲಿ. ಅಪ್ಪ ಕಾವಲಿನಲ್ಲಿ ಕೂಲಿ ಮಾಡುತ್ತಿದ್ದ, ಇವಳು ಅಮೃತಮಹಲ್ ದನಗಳ ಕೊಂಬು ತಪ್ಪಿಸಿಕೊಂಡು ಸಗಣಿ ಆರಿಸುತ್ತಿದ್ದಳು. ಮದುವೆಯಾಗಿ ಅಜ್ಜಂಪುರಕ್ಕೆ ಬಂದ ಹೊಸದರಲ್ಲಿ ಒಬ್ಬ ದನದ ಡಾಕ್ಟರ ಮನೆಯಲ್ಲಿ ಪಾತ್ರೆ ತಿಕ್ಕಿದಳು. ಆ ಡಾಕ್ಟರ ಹೆಂಡತಿಗೆ ಒಂದೇ ಹುಚ್ಚು, ಬಿಸ್ಕತ್ತು ಮಾಡುವುದು. ಡಾಲ್ಡಾ ಮತ್ತು ಸಕ್ಕರೆ ಪುಡಿಯನ್ನು ಅಂಗೈಯಲ್ಲಿ ನೊರೆ ಬರುವ ತನಕ ತಿಕ್ಕಬೇಕು, ಮೊಟ್ಟೆ ಒಡೆದು ಹಾಕಬೇಕು, ಹಿಟ್ಟು ಸೇರಿಸಿದ ಮೇಲೆ ಮಾತ್ರ ಜಾಸ್ತಿ ನಾದಬಾರದು ಎಂದು ಆಯಮ್ಮ ಹೇಳಿಕೊಟ್ಟಳು. ಅವರಿಗೆ ವರ್ಗವಾಗಿ ಹೋಯಿತು, ವಿದ್ಯೆ ಹುಲಿಯಮ್ಮನ ಕೈಯಲ್ಲಿ ಉಳಿಯಿತು.

ಆಮೇಲೆ ಪೇಟೆಬೀದಿಯ ಹಿಂದಿನ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಮಕ್ಕಳ ಮೂಗು ಒರೆಸುವುದು, ಉಪ್ಪಿಟ್ಟು ಕೆದಕುವುದು. ಬಂದವಳು ಯಾವ ಕೇರಿಯವಳು, ಉಪ್ಪಿಟ್ಟು ಕೆದಕುವ ಕೈ ಯಾರದು ಎಂದು ತಿಳಿದ ವಾರದೊಳಗೆ ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದವು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ನಮ್ಮ ಮಗುವಿಗೆ ಹೊರಗಿನದು ಆಗುವುದಿಲ್ಲ ಎಂದು ಬಲು ಮೆತ್ತಗೆ ಹೇಳಿದರು. ಒಂದೂರಿನ ಹದಿನಾರು ಮಕ್ಕಳಿಗೆ ಒಂದೇ ವಾರದಲ್ಲಿ ಹೊರಗಿನದು ಆಗದೆ ಹೋದ ಸೋಜಿಗವನ್ನು ಯಾವ ಡಾಕ್ಟರೂ ವಿಚಾರಿಸಲಿಲ್ಲ.

ಹಾಗೆ ಡಬ್ಬಿ ತರುತ್ತಿದ್ದ ಮಕ್ಕಳಲ್ಲಿ ಕರಿಬಸಮ್ಮನವರ ಮೊಮ್ಮಗಳೂ ಒಬ್ಬಳು. ಗೊಬ್ಬರದ ಅಂಗಡಿಯವರ ಮನೆ, ಮಠದ ಭಕ್ತರು. ಕರಿಬಸಮ್ಮನವರು ದೀಕ್ಷೆ ಪಡೆದವರು, ಲಿಂಗಪೂಜೆಯಾಗದೆ ಗುಟುಕು ನೀರು ಮುಟ್ಟದವರು. ಆ ಮಗು ಒಂದು ದಿನ ತನ್ನ ಡಬ್ಬಿ ಪಕ್ಕಕ್ಕಿಟ್ಟು ಹುಲಿಯಮ್ಮನ ತಟ್ಟೆಯಿಂದ ಎರಡು ತುತ್ತು ಉಪ್ಪಿಟ್ಟು ತಿಂದಿತು. ಅದೇ ಹೊತ್ತಿಗೆ ಕರಿಬಸಮ್ಮನವರು ಬಾಗಿಲಿಗೆ ಬಂದರು. ಬೈಯಲಿಲ್ಲ, ಕೂಗಲಿಲ್ಲ. ಸೆರಗಿನಿಂದ ಮಗುವಿನ ಬಾಯಿ ಒರೆಸಿ, ಕೈ ಹಿಡಿದು ನಡೆಸಿಕೊಂಡು ಹೋದರು. ಹುಲಿಯಮ್ಮ ಸೌಟು ಹಿಡಿದು ನಿಂತೇ ಇದ್ದಳು. ಬೈದಿದ್ದರೆ ತಿರುಗಿ ಎರಡು ಮಾತು ಅನ್ನಬಹುದಿತ್ತು, ಸುಮ್ಮನೆ ಹೋದವರಿಗೆ ಏನೆನ್ನುವುದು? ಅವತ್ತು ಮನೆಗೆ ಬಂದು, ಇನ್ನು ಸಾಯುವತನಕ ತಿನ್ನುವ ವಸ್ತು ಹಿಡಿದುಕೊಂಡು ಯಾರ ಹೊಸಿಲಿನ ಮುಂದೆಯೂ ನಿಲ್ಲುವುದಿಲ್ಲ ಎಂದು ಅತ್ತಳು. ವರ್ಷ ಕಳೆದ ಹಾಗೆ ಮೇಲಧಿಕಾರಿಗಳು ಬಂದು ಗದರಿ ಡಬ್ಬಿಗಳೇನೋ ಕಡಿಮೆಯಾದವು. ಅವಳ ಮಾತು ಮಾತ್ರ ಹಾಗೇ ಉಳಿಯಿತು. ಅವಳು ಏನು ಮಾಡಿದರೂ ಮನೆಯವರಿಗಷ್ಟೇ ಮಾಡಿದಳು.

ಈ ವರ್ಷ ಬಿಸ್ಕತ್ತು ಮಾಡುವುದಕ್ಕೆ ಕಾರಣ ಇತ್ತು. ಕಡೂರಿಗೆ ಕೊಟ್ಟ ಮಗಳು ಭೂಮಿಕಾ ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ಅನ್ನ ಕಂಡರೆ ವಾಕರಿಕೆ. ಮೊಟ್ಟೆ ತಿನ್ನಿಸಿ, ರಕ್ತ ಕಮ್ಮಿ ಇದೆ ಎಂದು ನರ್ಸಮ್ಮ ಹೇಳಿದರೆ, ಬೇಯಿಸಿದ ಮೊಟ್ಟೆಯ ವಾಸನೆಗೇ ಹುಡುಗಿ ಬಚ್ಚಲಿಗೆ ಓಡುತ್ತಿದ್ದಳು. ಹುಲಿಯಮ್ಮ ಮೂರು ದಿನ ನಿದ್ದೆಗೆಟ್ಟು ಯೋಚಿಸಿದಳು. ಕೊನೆಗೆ, ಎರಡು ಕೆ.ಜಿ. ಹಿಟ್ಟಿಗೆ ಹನ್ನೆರಡು ಮೊಟ್ಟೆ ಹಾಕಿ ಬಿಸ್ಕತ್ತು ಮಾಡಿದರೆ ಮೊಟ್ಟೆ ಹೋಗುವುದೇ ಹುಡುಗಿಗೆ ಗೊತ್ತಾಗುವುದಿಲ್ಲ ಎಂದು ಹೊಳೆಯಿತು.

ಅಜ್ಜಂಪುರದಲ್ಲಿ ಬಿಸ್ಕತ್ತನ್ನು ಮನೆಯಲ್ಲೇ ಕಲಸಿದರೂ ಸುಡಿಸುವುದು ಗಿರಿಯಪ್ಪನ ಸೌದೆ ಭಟ್ಟಿಯಲ್ಲಿ. ಬೆಳಗಿನ ಬ್ರೆಡ್ಡು ಇಳಿದ ಮೇಲೆ ಭಟ್ಟಿ ಹದವಾಗಿ ಆರುತ್ತದೆ. ಆ ಹೊತ್ತಿಗೆ ಹೆಂಗಸರು ಹಿಟ್ಟಿನುಂಡೆ ತಂದು, ಟ್ರೇಗಳಲ್ಲಿ ಬಿಲ್ಲೆ ಜೋಡಿಸಿ, ಖಾಲಿ ಡಬ್ಬ ಇಟ್ಟು ಹೋಗುತ್ತಾರೆ. ಟ್ರೇ ಯಾರದೆಂದು ತಿಳಿಯುವುದಕ್ಕೆ ಮೂಲೆಯ ಒಂದು ಬಿಲ್ಲೆಗೆ ಮನೆಯ ಗುರುತು ಒತ್ತುತ್ತಾರೆ. ಒಬ್ಬರು ಜೀರಿಗೆ ಚುಚ್ಚುತ್ತಾರೆ, ಒಬ್ಬರು ಬಳೆ ಒತ್ತುತ್ತಾರೆ. ಗಿರಿಯಪ್ಪನಿಗೆ ಓದು ಬರಹ ಅಷ್ಟಕ್ಕಷ್ಟೇ, ಗುರುತು ಮಾತ್ರ ಬಾಯಿಪಾಠ. ಮೊಟ್ಟೆಯ ಟ್ರೇ ಕೆಳಗಿನ ಸಾಲಿಗೆ, ಸಸ್ಯಾಹಾರದ್ದು ಮೇಲಿನ ಸಾಲಿಗೆ. ಇದುವರೆಗೆ ಒಂದರದ್ದು ಇನ್ನೊಂದಕ್ಕೆ ಸೇರಿದ್ದಿಲ್ಲ.

ಹುಲಿಯಮ್ಮನ ಗುರುತು ಹೆಬ್ಬೆಟ್ಟು. ಹೋದ ಸಲ ಸೋಡಾ ಹೆಚ್ಚಾಗಿ ಬಿಲ್ಲೆ ಉಬ್ಬಿ ಹೆಬ್ಬೆಟ್ಟಿನ ಗುಳಿ ಮುಚ್ಚಿಹೋಗಿತ್ತು, ಟ್ರೇ ಯಾರದೆಂದು ಅರ್ಧ ಗಂಟೆ ಜಗಳ. ಅದಕ್ಕೇ ಮುನಿಯಪ್ಪ ಹೊಸ ಗುರುತು ಹೇಳಿಕೊಟ್ಟ. ಅವನು ಹತ್ತು ವರ್ಷದ ಹಿಂದೆ ಬೌದ್ಧ ದೀಕ್ಷೆ ತೆಗೆದುಕೊಂಡವನು. ಬುದ್ಧ, ಧಮ್ಮ, ಸಂಘ, ಮೂರು ಗೆರೆ ಎಳಿ, ನೆನಪಿಗೂ ಆಯ್ತು ಗುರುತಿಗೂ ಆಯ್ತು ಎಂದ. ಹುಲಿಯಮ್ಮ ಫೋರ್ಕಿನ ಮೊನೆಯಿಂದ ಮೂರು ಗೆರೆ ಎಳೆದಳು. ತುಂಬ ಚೆನ್ನಾಗಿ ಬಂತು.

ಅದು ಶ್ರಾವಣದ ಮೂರನೇ ಸೋಮವಾರ. ಹುಲಿಯಮ್ಮ ಟ್ರೇ ಒಪ್ಪಿಸಿ ಹೊರಡುವಾಗ ಕರಿಬಸಮ್ಮನವರ ಸೊಸೆ ಶಾಂಭವಿ ಹಿಟ್ಟಿನ ಪಾತ್ರೆ ಹಿಡಿದು ಬಂದಳು. ಶಾಂಭವಿ ಒಳ್ಳೆಯ ಹುಡುಗಿ, ಕಂಡರೆ ನಿಂತು ಮಾತಾಡಿಸುವವಳು. ಅತ್ತೆಗೆ ಎಂಬತ್ತಾಯಿತು, ಶ್ರಾವಣ ಸೋಮವಾರ ಇಡೀ ದಿನ ಉಪವಾಸ, ಸಂಜೆ ಆರೂವರೆಗೆ ಪೂಜೆಯಾದ ಮೇಲೆ ಹಾಲಿನಲ್ಲಿ ಅದ್ದಿ ಎರಡು ಬಿಸ್ಕತ್ತು ತಿಂದರೆ ಅಷ್ಟೇ ಅವರ ಊಟ, ಅಂಗಡಿಯದನ್ನು ಮುಟ್ಟುವುದಿಲ್ಲ ಎಂದು ಹೇಳಿಕೊಂಡಳು. ತಾನು ಬಿಸ್ಕತ್ತು ಮನೆಗೆ ಮುಟ್ಟಿಸಿ, ಕಡೂರಿನಲ್ಲಿ ಹಾಸ್ಟೆಲಿನಲ್ಲಿರುವ ಮಗಳನ್ನು ನೋಡಿಕೊಂಡು ಸಂಜೆಯ ಮೇಲೆ ಬರುವುದಾಗಿಯೂ ಹೇಳಿದಳು. ಹುಲಿಯಮ್ಮ ಹ್ಞೂಂಗುಟ್ಟಿ ಬಂದಳು. ಅವರವರ ಮನೆಯ ಉಪವಾಸ ಕಟ್ಟಿಕೊಂಡು ತನಗೇನು?

ಮಧ್ಯಾಹ್ನ ಡಬ್ಬ ತಂದು ಮುಚ್ಚಳ ತೆಗೆದಾಗ ಮೂರು ಗಂಟೆ. ಭೂಮಿಕಾ ಒಂದು ತಿಂದಳು, ಇನ್ನೊಂದು ತಿಂದಳು, ಹುಲಿಯಮ್ಮ ಮಗಳ ಮುಖವನ್ನೇ ನೋಡುತ್ತ ಕೂತಳು. ವಾಕರಿಕೆ ಬರಲಿಲ್ಲ. ಅಬ್ಬ ಎಂದು ಉಸಿರು ಬಿಡುವಷ್ಟರಲ್ಲಿ ಹುಡುಗಿ, ಇದಕ್ಕೆ ತುಪ್ಪ ಯಾವಾಗ ಹಾಕಿದೆ, ಇಷ್ಟೊಂದು ಏಲಕ್ಕಿ ಯಾಕೆ ಹಾಕಿದೆ ಎಂದು ಕೇಳಿದಳು.

ಹುಲಿಯಮ್ಮ ತುಪ್ಪ ಹಾಕಿರಲಿಲ್ಲ. ಏಲಕ್ಕಿಯ ಒಂದು ಸಿಪ್ಪೆಯನ್ನೂ ಮುಟ್ಟಿರಲಿಲ್ಲ. ಒಂದು ಬಿಸ್ಕತ್ತು ಮುರಿದು ಮೂಸಿ ನೋಡಿದಳು, ನಾಲಿಗೆಗೆ ಹಚ್ಚಿಕೊಂಡಳು. ಡಬ್ಬ ತನ್ನದೇ, ಮುಚ್ಚಳದ ಮೇಲಿನ ತಗ್ಗೂ ತನ್ನದೇ. ಒಳಗಿರುವುದು ಮಾತ್ರ ಬೇರೆ ಯಾರದೋ. ಕೆಳಗೆ ಕೈ ಹಾಕಿ ಗುರುತಿನ ಬಿಲ್ಲೆ ಹುಡುಕಿ ತೆಗೆದಳು. ಮೂರು ಗೆರೆ ಇತ್ತು. ಆದರೆ ಫೋರ್ಕಿನದಲ್ಲ, ಬೆರಳಿನದು. ಹಣೆಗೆ ವಿಭೂತಿ ಎಳೆದ ಹಾಗೆ ಅಗಲಕ್ಕೆ ಎಳೆದ ಮೂರು ಗೆರೆ.

ಗಿರಿಯಪ್ಪನಿಗೆ ಫೋನ್ ಮಾಡಿದಳು. ಅವನು ಮೊದಲು ದಬಾಯಿಸಿದ, ಆಮೇಲೆ ಯೋಚಿಸಿದ, ಆಮೇಲೆ ಅವನ ದನಿಯೇ ಇಳಿದುಹೋಯಿತು. ಮೂರು ಗೆರೆ ಎಂದರೆ ಇಪ್ಪತ್ತು ವರ್ಷದಿಂದ ಕರಿಬಸಮ್ಮನವರ ಮನೆಯದ್ದೇ, ಇವತ್ತು ಆರಲೆಂದು ಒಟ್ಟಿಗೆ ಇಳಿಸಿಟ್ಟ ಎರಡು ಮನೆಯ ಟ್ರೇಗಳಲ್ಲೂ ಮೂರು ಗೆರೆ ಕಂಡು, ಅಂದಾಜಿನ ಮೇಲೆ ತುಂಬಿಬಿಟ್ಟೆ ಎಂದ. ನಿಮ್ಮ ಗುರುತು ಹೆಬ್ಬೆಟ್ಟಲ್ಲವೇ, ಬದಲಾಯಿಸುವ ಮುಂಚೆ ಒಂದು ಮಾತು ಹೇಳಬಾರದಿತ್ತೇ ಎಂದು ತಪ್ಪನ್ನು ಅರ್ಧ ಇವಳ ಮೇಲೂ ಹಾಕಿದ. ಕೊನೆಗೆ ಬೇಡಿಕೊಂಡ. ಮೊಟ್ಟೆ ಬಿಸ್ಕತ್ತು ಅವರ ಮನೆಗೆ ಹೋಯಿತೆಂದು ಗೊತ್ತಾದರೆ ನಾಳೆಯಿಂದ ಒಬ್ಬರೂ ಭಟ್ಟಿಯ ಕಡೆ ತಲೆ ಹಾಕುವುದಿಲ್ಲ, ಯಾರಿಗೂ ಉಸಿರೆತ್ತಬೇಡಿ ಎಂದ.

ಹುಲಿಯಮ್ಮ ಫೋನ್ ಇಟ್ಟಳು. ಹನ್ನೆರಡು ಮೊಟ್ಟೆ! ಒಂದಲ್ಲ, ಎರಡಲ್ಲ. ಎಂಬತ್ತು ವರ್ಷ ಮೊಟ್ಟೆಯ ನೆರಳು ಬೀಳದ ಬಾಯಿಗೆ ಇವತ್ತು ಸಂಜೆ ಅದು ಹೋಗುತ್ತದೆ, ಅದೂ ಉಪವಾಸ ಮುರಿಯುವ ಮೊದಲ ತುತ್ತಾಗಿ. ಆ ಮುದುಕಿಗೆ ಆಮೇಲೆ ಗೊತ್ತಾದರೆ? ವಾಂತಿ ಮಾಡಿಕೊಂಡು, ಅನ್ನ ನೀರು ಬಿಟ್ಟು ಮಲಗಿಬಿಟ್ಟರೆ? ಮಲಗಿದವರು ಏಳದೇ ಹೋದರೆ? ಆಗ ಊರು ಏನನ್ನುತ್ತದೆ ಎಂದು ಹುಲಿಯಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊಟ್ಟೆ ಎಂದಷ್ಟೇ ಅನ್ನುವುದಿಲ್ಲ. ಯಾರ ಮನೆಯ ಮೊಟ್ಟೆ ಎನ್ನುತ್ತದೆ, ಅವಳು ಬೇಕಂತಲೇ ಮಾಡಿದಳು, ಹಳೇ ಸೇಡು ತೀರಿಸಿಕೊಂಡಳು ಎನ್ನುತ್ತದೆ. ತಾನು ಕನಸಿನಲ್ಲೂ ಎಣಿಸದ ಸೇಡನ್ನು ಊರು ತನ್ನ ತಲೆಗೆ ಕಟ್ಟುವುದನ್ನು ಅವಳು ಕೂತಲ್ಲೇ ಕಂಡಳು.

ಮುನಿಯಪ್ಪ ಸುಮ್ಮನಿದ್ದುಬಿಡು ಎಂದ. ಗೊತ್ತಿಲ್ಲದೆ ತಿಂದದ್ದಕ್ಕೆ ದೋಷವಿಲ್ಲ, ಬಿಸ್ಕತ್ತಿನಲ್ಲಿ ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ, ಹೇಳಲು ಹೋದರೆ ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗೆ ಎಂದ. ಮೂರು ಗೆರೆಯ ಬುದ್ಧಿ ಹೇಳಿದ್ದೇ ತಾನು ಎಂಬುದನ್ನು ಆ ಹೊತ್ತಿಗೆ ಅವನು ಮರೆತಿದ್ದ. ಹುಲಿಯಮ್ಮ ಮರೆತಿರಲಿಲ್ಲ. ಅದನ್ನು ಆಡಿಯೂ ಆಡಿದಳು.

ಭೂಮಿಕಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಪ್ಪ ಅಮ್ಮನ ಜಗಳ ಕೇಳಿದಳು. ಕೊನೆಗೆ ಒಂದೇ ಮಾತು ಕೇಳಿದಳು.

“ನಂಗೆ ಆಗ್ದೇ ಇರೋದ್ನ ಯಾರಾದ್ರೂ ಗೊತ್ತಿದ್ದೂ ಗೊತ್ತಿದ್ದೂ ತಿನ್ಸಿದ್ರೆ ನೀ ಸುಮ್ಕಿರ್ತಿಯೇನಮ್ಮ?”

ಹುಲಿಯಮ್ಮ ಸುಮ್ಮನಿರುತ್ತಿರಲಿಲ್ಲ. ಮನೆ ಮುಂದೆ ಹೋಗಿ ಮಣ್ಣು ತೂರುತ್ತಿದ್ದಳು. ಆದರೆ ಹೇಳಬೇಕೆಂದು ಗೊತ್ತಾದರೆ ಹೇಳುವ ಧೈರ್ಯ ತಾನಾಗಿ ಬಂದೀತೇ? ಶಾಂಭವಿಗೆ ಫೋನ್ ಹಚ್ಚಿದಳು. ಆಕೆಯಾದರೆ ಗದ್ದಲವಿಲ್ಲದೆ ಡಬ್ಬ ಬದಲಾಯಿಸಿಬಿಡುತ್ತಾಳೆ, ಹಾವೂ ಸಾಯುವುದಿಲ್ಲ ಕೋಲೂ ಮುರಿಯುವುದಿಲ್ಲ. ಶಾಂಭವಿ ಫೋನ್ ಎತ್ತಿದಳು. ಬಸ್ಸಿನಲ್ಲಿದ್ದೇನೆ, ಏನೂ ಕೇಳುತ್ತಿಲ್ಲ, ಇಳಿದ ಮೇಲೆ ಮಾಡುತ್ತೇನೆ ಎಂದು ಕೂಗಿ ಇಟ್ಟಳು. ಇಳಿದ ಮೇಲೆ ಮಾಡಲಿಲ್ಲ. ನಾಲ್ಕು ಗಂಟೆಗೆ ಮಾಡಿದರೆ ಸ್ವಿಚ್ ಆಫ್, ನಾಲ್ಕೂವರೆಗೂ ಸ್ವಿಚ್ ಆಫ್. ಐದು ಗಂಟೆಗೆ ಹುಲಿಯಮ್ಮ ಸೀರೆ ಬದಲಾಯಿಸಿ ಎದ್ದಳು.

ಎದ್ದವಳು ಡಬ್ಬದ ಮುಂದೆ ಮತ್ತೆ ಕೂತಳು. ಅವರದ್ದನ್ನು ಅವರಿಗೆ ಕೊಡಬೇಕಲ್ಲ, ಕೊಡುವುದು ಹೇಗೆ? ತನ್ನ ಡಬ್ಬದಲ್ಲಿ ಮಧ್ಯಾಹ್ನದಿಂದ ಕೂತ ಬಿಸ್ಕತ್ತು, ಮಗಳು ಕೈ ಹಾಕಿದ್ದು. ಹೊಸ ಕಾಗದದ ಪೊಟ್ಟಣ ಕಟ್ಟಿದಳು, ಬಿಚ್ಚಿದಳು. ಪೊಟ್ಟಣಕ್ಕೆ ಹಾಕಿದ್ದೂ ತನ್ನ ಕೈಯೇ ತಾನೆ? ಸ್ಟೀಲಿನ ಪಾತ್ರೆ ತೊಳೆದು ತಂದು, ಅದು ಇನ್ನೂ ಕೆಟ್ಟದಾಗಿ ಕಂಡು ವಾಪಸ್ ಇಟ್ಟಳು. ಭೂಮಿಕಾಗೆ ರೇಗಿಹೋಯಿತು. ಡಬ್ಬವನ್ನು ಹಾಗೇ ಎತ್ತಿ ಅಮ್ಮನ ಕೈಚೀಲದೊಳಗೆ ಇಟ್ಟಳು.

ಮನೆಗಿಂತ ಮೊದಲು ಅಂಗಡಿ ಸಿಗುತ್ತದೆ. ಕರಿಬಸಮ್ಮನವರ ಮಗ ರಾಜಶೇಖರ್ ಗಲ್ಲಾದ ಮೇಲೆ ಕೂತಿದ್ದ. ಅವನಿಗೆ ಹೇಳಿದರೆ ಮುದುಕಿಯ ಮುಖ ನೋಡುವುದು ತಪ್ಪೀತು ಎಂದು ಹುಲಿಯಮ್ಮ ಮೆಟ್ಟಿಲು ಹತ್ತಿದಳು. ಒಳಗೆ ಬುಕ್ಕಾಂಬುಧಿ ಕಡೆಯ ಏಳೆಂಟು ಜನ ರೈತರು ಯೂರಿಯಾ ಬರಲಿಲ್ಲವೆಂದು ಮುತ್ತಿಕೊಂಡಿದ್ದರು. ಅಷ್ಟು ಜನರ ಎದುರು, ನಿಮ್ಮ ತಾಯಿಯ ಉಪವಾಸಕ್ಕೆ ನಮ್ಮ ಮನೆಯ ಮೊಟ್ಟೆ ಬಂದಿದೆ ಎಂದು ಹೇಗೆ ಹೇಳುವುದು? ಪಕ್ಕಕ್ಕೆ ಕರೆದರೆ, ಯಾಕೆ ಕರೆದಳೆಂದು ಏಳೆಂಟು ಜನ ಏಳೆಂಟು ಊರಿಗೆ ಸುದ್ದಿ ಒಯ್ಯುತ್ತಾರೆ. ಏನು ಬೇಕಾಗಿತ್ತು ಎಂದು ರಾಜಶೇಖರ್ ಮರ್ಯಾದೆಯಿಂದಲೇ ಕೇಳಿದ. ಹುಲಿಯಮ್ಮ ಬಾಯಿ ತೆರೆದಳು, ಬೆಂಡೆ ಬೀಜ ಎಂದಳು. ಇಪ್ಪತ್ತು ರೂಪಾಯಿಯ ಪ್ಯಾಕೆಟ್ ತೆಗೆದುಕೊಂಡು ಇಳಿದಳು. ಬೆಂಡೆ ಹಾಕಲು ಅವಳಿಗೆ ಒಂದು ಗೇಣು ಹಿತ್ತಲೂ ಇರಲಿಲ್ಲ. ತನ್ನನ್ನು ತಾನೇ ಬೈದುಕೊಂಡು ಬೀದಿಯ ಕೊನೆಯವರೆಗೆ ಹೋಗಿ, ತಿರುಗಿ ಬಂದು, ಮತ್ತೆ ಹೋದಳು. ಮೊಬೈಲಿನಲ್ಲಿ ಆರು ಇಪ್ಪತ್ತೈದು ಎಂದಿತ್ತು.

ಇಂಥ ಹೊತ್ತಿನಲ್ಲಿ ಅಂಜುಬುರುಕರು ಮನೆಗೆ ಓಡುತ್ತಾರೆ ಎಂದು ಧೈರ್ಯವಂತರು ತಿಳಿದಿದ್ದಾರೆ. ಹುಲಿಯಮ್ಮನ ಭಯದ ದಾರಿಯೇ ಬೇರೆ. ಮನೆಗೆ ಹೋದರೆ ಇವತ್ತು ರಾತ್ರಿ ಹೆದರಬೇಕು, ನಾಳೆ ಹೆದರಬೇಕು, ಆ ಮುದುಕಿ ಬದುಕಿರುವಷ್ಟು ದಿನ ಕೆಮ್ಮಿದ್ದು ಕೇಳಿಸಿದರೂ ಹೆದರಬೇಕು. ಅಷ್ಟು ಹೆದರುವುದಕ್ಕಿಂತ ಈಗಲೇ ಒಂದು ಸಲ ಹೆದರಿ ಮುಗಿಸುವುದು ಸಲೀಸು ಎಂದು ಲೆಕ್ಕ ಹಾಕಿ ಅವಳು ಅವರ ಮೆಟ್ಟಿಲು ಹತ್ತಿದಳು. ಬಾಯಲ್ಲಿ ಮಾತು ಜೋಡಿಸಿಕೊಂಡೇ ಬಂದಿದ್ದಳು. ಅಮ್ಮಾರೆ, ಭಟ್ಟಿಯಲ್ಲಿ ಅದಲುಬದಲಾಗಿದೆ, ನಮ್ಮದಕ್ಕೆ ಮೊಟ್ಟೆ ಹಾಕಿದ್ದೆವು, ತಪ್ಪು ತಿಳಿಯಬೇಡಿ. ಇಷ್ಟೇ ಮಾತು. ಹತ್ತು ಸಲ ಹೇಳಿಕೊಂಡಿದ್ದಳು.

ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಕರಿಬಸಮ್ಮನವರು ಒಬ್ಬರೇ ಮಣೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಮುಂದೆ ಹಾಲಿನ ಲೋಟ, ತಟ್ಟೆಯಲ್ಲಿ ಒಂದು ಬಿಸ್ಕತ್ತು. ಇನ್ನೊಂದು ಹಾಲಿನಲ್ಲಿ ಅದ್ದಿ ಆಗಿತ್ತು, ಅದು ಬಾಯಿಗೆ ನಾಲ್ಕು ಬೆರಳು ದೂರದಲ್ಲಿತ್ತು.

ಹುಲಿಯಮ್ಮನ ಬಾಯಿಂದ ಜೋಡಿಸಿಟ್ಟ ಮಾತು ಒಂದೂ ಬರಲಿಲ್ಲ.

“ಅಮ್ಮಾರೆ, ತಿನ್ಬ್ಯಾಡಿ. ಅದು ನಮ್ಮನೇದು.”

ಕರಿಬಸಮ್ಮನವರು ತಲೆ ಎತ್ತಿದರು, ಬಾಗಿಲಲ್ಲಿ ನಿಂತವಳು ಯಾರೆಂದು ಗುರುತು ಹಿಡಿದರು. ಕೈ ಬಿಸ್ಕತ್ತನ್ನು ತಟ್ಟೆಗೆ ಇಟ್ಟಿತು. ಯಾಕೆ ಎಂದು ಅವರು ಕೇಳಲಿಲ್ಲ. ಇಟ್ಟ ಬೆರಳನ್ನು ಸೆರಗಿಗೆ ಒರೆಸಿಕೊಂಡರು.

ಹುಲಿಯಮ್ಮ ನೋಡುತ್ತ ನಿಂತಳು. ಹೇಳಬೇಕಾದ ಮಾತು ಇನ್ನೂ ತನ್ನ ಬಾಯಲ್ಲೇ ಇದೆ ಎಂದು ಅವಳಿಗೆ ಆಗ ಹೊಳೆಯಿತು. ಮೊಟ್ಟೆ ಎಂದು ತಾನು ಅಂದೇ ಇಲ್ಲ. ನಮ್ಮ ಮನೆಯದು ಎಂದೆ, ಅಷ್ಟೇ ಸಾಕಾಯಿತು. ಅವರಿಗೆ ಸಾಕಾದದ್ದು ಒಂದು ಕಡೆ, ತಿನ್ನಬೇಡಿ ಎನ್ನುವುದಕ್ಕೆ ಆ ಕಾರಣವೇ ತನ್ನ ಬಾಯಿಗೂ ಮೊದಲು ಬಂತಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅದಲುಬದಲಾದದ್ದನ್ನು ಹೇಳಿದಳು, ಹನ್ನೆರಡು ಮೊಟ್ಟೆ ಎಂದೂ ಹೇಳಿದಳು. ಮೊಟ್ಟೆ ಎಂದ ಕೂಡಲೇ ಮುದುಕಿಯ ಮುಖ ಸಡಿಲವಾಯಿತು. ತಟ್ಟೆ ಪಕ್ಕಕ್ಕೆ ಸರಿಸಿ, ಶಿವ ಶಿವಾ ಎಂದು, ನೀನು ಬಂದು ಹೇಳಿದ್ದು ಪುಣ್ಯ ಎಂದರು. ಮೊಟ್ಟೆ ಅಂತ ಮೊದಲೇ ಹೇಳಬಾರದಿತ್ತೇನವ್ವ ಎಂದರು.

ಹುಲಿಯಮ್ಮ ಹ್ಞೂಂ ಎಂದು ಬಂದುಬಿಡಬಹುದಿತ್ತು. ಬಂದ ಕೆಲಸ ಆಗಿತ್ತು, ಒಳ್ಳೆಯ ಮಾತೂ ಸಿಕ್ಕಿತ್ತು. ಅರವತ್ತೊಂದು ವರ್ಷ ಅವಳು ಇಂಥಲ್ಲೆಲ್ಲ ಹ್ಞೂಂ ಎಂದೇ ಬಂದವಳು.

“ಹೇಳಕ್ ಮುಂಚೇನೇ ಕೆಳಗಿಟ್ರಲ್ಲ ಅಮ್ಮಾರೆ.”

ಕೂಗಿ ಹೇಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಕರಿಬಸಮ್ಮನವರು ತಟ್ಟೆಯ ಕಡೆ ನೋಡಿದರು, ತಮ್ಮ ಕೈಯ ಕಡೆ ನೋಡಿದರು. ಈಗ ಎದ್ದು ಒಳಗೆ ಹೋಗುತ್ತಾರೆ ಎಂದು ಹುಲಿಯಮ್ಮ ಅಂದುಕೊಂಡಳು. ಹಾಗೆ ಹೋಗುವುದಕ್ಕೇ ಅವಳು ಎಲ್ಲಕ್ಕಿಂತ ಹೆಚ್ಚು ಹೆದರಿದ್ದು.

“ಹೂಂ. ಇಟ್ಟೆ,” ಎಂದರು ಮುದುಕಿ. “ಕೈ ತಾನಾಗೇ ಇಡ್ತು ಕಣವ್ವ. ಈಗಷ್ಟೇ ಪೂಜೆ ಮಾಡಿರೋ ಬಾಯಲ್ಲಿ ಇಲ್ಲ ಅಂತ ಹ್ಯಾಗೆ ಹೇಳ್ಲಿ,” ಎಂದರು.

ಹುಲಿಯಮ್ಮ ಕೈಚೀಲದಿಂದ ಡಬ್ಬ ತೆಗೆದು ಹೊಸಿಲಿನ ಮೇಲೆ ಇಟ್ಟಳು.

“ಇದು ನಿಮ್ದೇ. ಮೊಟ್ಟೆ ಇಲ್ಲ, ತುಪ್ಪದ್ದು. ಮದ್ಯಾನದಿಂದ ನಮ್ಮ್ ಡಬ್ಬದಾಗೈತೆ, ನನ್ ಮಗಳು ಕೈ ಹಾಕಿ ತಿಂದವಳೆ. ಬೇಕಾದ್ರೆ ತಗಳಿ. ಬ್ಯಾಡ ಅಂದ್ರೆ ಬ್ಯಾಡ ಅಂತ ಬಾಯ್ಬಿಟ್ ಹೇಳಿ. ಸುಮ್ಕಿದ್ಬುಡಬ್ಯಾಡಿ.”

ಕರಿಬಸಮ್ಮನವರು ಡಬ್ಬದ ಕಡೆ ನೋಡಿದರು. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲದ ಮುದಿ ಜೀವ, ತುಟಿ ಒಣಗಿತ್ತು, ಕತ್ತಿನ ನರ ಎದ್ದು ಕಾಣುತ್ತಿತ್ತು. ಒಮ್ಮೆ ಕೊರಳಿನ ಕರಡಿಗೆಯನ್ನು ಮುಟ್ಟಿಕೊಂಡರು, ಒಳಗೆ ಅವರ ಲಿಂಗವಿತ್ತು. ಹಾಲು ಆರಿ ಕೆನೆ ಕಟ್ಟಿತು. ಹೊರಗೆ ಯಾರದೋ ಟ್ರ್ಯಾಕ್ಟರ್ ಹೋಯಿತು. ಹುಲಿಯಮ್ಮನಿಗೆ ಯಾಕಾದರೂ ಕೇಳಿದೆನೋ ಎನ್ನಿಸಿತು, ಡಬ್ಬ ಎತ್ತಿಕೊಂಡು ಓಡಿಬಿಡಲೇ ಎನ್ನಿಸಿತು.

“ನಂಗೆ ಎದ್ದು ಬರಕಾಗಲ್ಲ,” ಎಂದರು ಕೊನೆಗೆ. “ಒಳಗೆ ತಾ.”

ಹುಲಿಯಮ್ಮ ಡಬ್ಬ ಎತ್ತಿಕೊಂಡು ಹೊಸಿಲು ದಾಟಿದಳು. ಐದು ಹೆಜ್ಜೆಯ ನಡುಮನೆ. ಬಗ್ಗಿ ಮುಚ್ಚಳ ತೆಗೆದು ಹಿಡಿದಳು. ಮುದುಕಿ ಕೈ ಒಳಗೆ ಹಾಕಿದರು, ಒಂದು ಬಿಸ್ಕತ್ತು ತೆಗೆದು ಹಾಲಿನಲ್ಲಿ ಅದ್ದಿದರು, ಬಾಯಿಗಿಟ್ಟುಕೊಂಡು ಹಲ್ಲಿಲ್ಲದ ವಸಡಿನಲ್ಲಿ ನಿಧಾನವಾಗಿ ಮೆದ್ದರು. ಗಂಟಲು ಒಮ್ಮೆ ಏರಿ ಇಳಿಯಿತು.

“ಏಲಕ್ಕಿ ಜಾಸ್ತಿ ಹಾಕವಳೆ ನಮ್ ಶಾಂಭವಿ,” ಎಂದರು.

“ಹೂಂ, ಜಾಸ್ತಿ ಆಗೈತೆ,” ಎಂದಳು ಹುಲಿಯಮ್ಮ.

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಸಿಟ್ಟು ಬಂತು. ಎಂದೂ ಬಾರದಂಥ ಸಿಟ್ಟು, ಕಣ್ಣಲ್ಲಿ ನೀರು ತರಿಸುವ ಸಿಟ್ಟು. ಒಂದು ಬಿಸ್ಕತ್ತು ನುಂಗುವಷ್ಟು ಹೊತ್ತಿನ ಕೆಲಸ ಇದು, ಇಷ್ಟೇ ಇಷ್ಟು, ಇದಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ. ಕರಿಬಸಮ್ಮನವರು ಅವಳ ಮುಖ ನೋಡಿದರು. ಆಮೇಲೆ ಎರಡನೆಯದಕ್ಕೆ ಡಬ್ಬದೊಳಗೆ ಕೈ ಹಾಕಿದರು.